ಬಿಟ್ಟಂಗಾಲದ ಸಭೆಗೆ ತಡವಾಗಿ ಹೋದದ್ದು

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಮೈಸೂರಿನಲ್ಲಿ ವಿರಾಜಪೇಟೆಯ ಕೆಂಪು ಬಸ್ಸು ಹತ್ತುವಾಗಲೇ ನನ್ನ ಅಂಗೈ ಬೆವರಿತ್ತು. ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ತೆಗೆದುಕೊಂಡೆ. ಕಂಡಕ್ಟರ್ ‘ಎಲ್ಲಿಗಮ್ಮ’ ಎಂದಾಗ ‘ಬಿಟ್ಟಂಗಾಲ’ ಎಂಬುದನ್ನು ಎರಡೆರಡು ಸಲ ಹೇಳಿದೆ. ಬೀಳ್ಕೊಡಲು ಬಂದಿದ್ದ ಅಣ್ಣ ಕಿಟಕಿಯ ಹೊರಗೆ ನಿಂತು, ‘ಹೆಸರು ಕರೆದಾಗ ಇದ್ದೀನಿ ಅನ್ನು. ಕೈ ಎತ್ತಿ ಅಂದಾಗ ಎತ್ತು. ಬೇರೇನೂ ಮಾಡಬೇಡ’ ಎಂದ. ಅಣ್ಣ ಅಶ್ವದಳದಲ್ಲಿ ರಿಸಾಲ್ದಾರನಾಗಿದ್ದವನು. ಅವನಿಗೆ ಭಯ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಮಂಡಿಚಿಪ್ಪಿನ ಆಪರೇಷನ್ ಆಗಿರದಿದ್ದರೆ ಈ ಪ್ರಯಾಣ ಅವನದೇ ಆಗಿರುತ್ತಿತ್ತು. ನಮ್ಮಿಬ್ಬರ ಪಾಲಿನ ಭಯವನ್ನೂ ದೇವರು ನನಗೇ ಬಳಿದುಬಿಟ್ಟಿದ್ದಾನೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಅಣ್ಣ ನಿವೃತ್ತನಾದ ಮೇಲೆ ಮೈಸೂರಿನ ಹೊರಗೆ ಒಂದು ಸಣ್ಣ ಸವಾರಿ ಶಾಲೆ ತೆರೆದ. ಅಲ್ಲಿ ಕಲಿಸುವುದು ಡ್ರೆಸಾಜ್. ಕುದುರೆಯನ್ನು ಓಡಿಸುವ, ಹಾರಿಸುವ ಆಟವಲ್ಲ ಅದು. ಹೇಳಿದ ಕಡೆ, ಹೇಳಿದ ಹದದಲ್ಲಿ ನಡೆಸುವ ಆಟ. ಉದ್ದನೆಯ ಅಂಗಳದ ಸುತ್ತ ಇಂಗ್ಲಿಷ್ ಅಕ್ಷರಗಳ ಹಲಗೆ ನಿಲ್ಲಿಸಿರುತ್ತಾರೆ. ಯಾವ ಅಕ್ಷರದ ಬಳಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅಂಗಳದ ಹೊರಗೆ ನಿಂತು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಆ ಓದುವವಳು ನಾನು. ಕುದುರೆಯ ಹತ್ತಿರ ಹೋದವಳಲ್ಲ, ಒದೆಯುತ್ತದೆ ಎಂಬ ಹೆದರಿಕೆ. ಬೇಲಿಯಾಚೆ ನಿಂತು ಓದುವುದಕ್ಕೆ ಮಾತ್ರ ನನಗೊಂದು ಗಂಟಲು ಇದೆ. ತೀರ್ಪುಗಾರರು ಗಂಟೆ ಬಾರಿಸುವವರೆಗೆ ಬಾಯಿ ತೆರೆಯಬಾರದು, ಕಾಗದದಲ್ಲಿ ಇದ್ದುದಕ್ಕಿಂತ ಒಂದು ಪದ ಹೆಚ್ಚು ಆಡಬಾರದು. ಆಡಿದರೆ ಸವಾರರೇ ಆಟದಿಂದ ಹೊರಗೆ. ಹೆದರುಪುಕ್ಕಲಿಗೆ ಹೇಳಿ ಮಾಡಿಸಿದ ಕೆಲಸ.

ನಮ್ಮ ಶಾಲೆಯಿಂದ ಭವಾನಿ ಎಂಬ ಹುಡುಗಿ ಮುಂದಿನ ತಿಂಗಳ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಬಿ.ಕಾಂ ಓದುತ್ತಾಳೆ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸ್ಕೂಟರಿನಲ್ಲಿ ಬಂದು ಗುಂಡ ಎಂಬ ನಮ್ಮ ಕಂದು ಕುದುರೆಯನ್ನು ತಾನೇ ಉಜ್ಜಿ ಸವಾರಿ ಮಾಡುತ್ತಾಳೆ. ಆದರೆ ದೇಶದ ಸವಾರಿ ಸಂಘದ ಸದಸ್ಯತ್ವ ಇರುವ ಕ್ಲಬ್ಬಿನ ಹೆಸರಿನಲ್ಲಿ ಮಾತ್ರ ಸ್ಪರ್ಧೆಗೆ ಇಳಿಯಬಹುದು. ನಮ್ಮ ಸದಸ್ಯತ್ವಕ್ಕೆ ಎರಡು ಕಡೆಯಿಂದ ಕತ್ತಿ ತೂಗುತ್ತಿತ್ತು. ಅರವತ್ತು ಮೀಟರ್ ಉದ್ದದ ಅಂಗಳ ಇಲ್ಲದ ಕ್ಲಬ್ಬುಗಳಿಗೆ ಇನ್ನು ಮೇಲೆ ಮತವೂ ಇಲ್ಲ, ರಾಷ್ಟ್ರೀಯ ಸ್ಪರ್ಧೆಯೂ ಇಲ್ಲ ಎಂಬ ತಿದ್ದುಪಡಿ ಈ ಸಲದ ವಾರ್ಷಿಕ ಸಭೆಗೆ ಬಂದಿತ್ತು. ನಮ್ಮದು ನಲವತ್ತೇ ಮೀಟರ್, ಆಚೆಗೆ ಪಕ್ಕದವರ ತೆಂಗಿನ ತೋಟ. ಇದು ಒಂದು. ಇನ್ನೊಂದು, ಎರಡು ವರ್ಷ ಒಂದೇ ಸಮನೆ ಸಭೆಯ ಹಾಜರಿಗೆ ಸಿಗದ ಕ್ಲಬ್ಬು ತಾನಾಗಿಯೇ ರದ್ದಾಗುತ್ತದೆ. ಹೋದ ವರ್ಷ ಹೊರಡುವ ದಿನವೇ ಗುಂಡನಿಗೆ ಹೊಟ್ಟೆಶೂಲೆ ಬಂದು ಅಣ್ಣ ಹೋಗಿರಲಿಲ್ಲ. ಹಾಗಾಗಿ ಈ ಸಲ ಹೋಗದೆ ಗತಿಯಿರಲಿಲ್ಲ. ಹೊರಡುವ ಹಿಂದಿನ ದಿನ ಭವಾನಿ, ‘ಆಂಟಿ, ನೀವು ಇದೀರಲ್ಲ, ನಂಗೇನೂ ಭಯ ಇಲ್ಲ’ ಎಂದಿದ್ದಳು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಹುಣಸೂರಿನವರೆಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿಂದ ಮುಂದೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು, ಆಮೇಲೆ ಆನೆಚೌಕೂರಿನ ಗೇಟು, ಆಮೇಲೆ ಕಾಡು. ‘ವಾಹನ ನಿಲ್ಲಿಸಬೇಡಿ’ ಎಂಬ ಹಲಗೆಗಳನ್ನು ಓದುತ್ತ, ಈ ಬಸ್ಸೇನಾದರೂ ಇಲ್ಲೇ ಕೆಟ್ಟು ನಿಂತರೆ ಎಂದು ಯೋಚಿಸುತ್ತ ಕುಳಿತೆ. ಪಕ್ಕದಲ್ಲಿದ್ದ ಹೆಂಗಸು ಕಿತ್ತಳೆ ಸುಲಿದು ನನಗೂ ನಾಲ್ಕು ತೊಳೆ ಕೊಟ್ಟಳು. ‘ಎಂಥ ಹೆದರ್ತೀರಿ, ದಿನಾ ಹೋಗುವ ಬಸ್ಸು’ ಎಂದಳು. ತಿತಿಮತಿ ದಾಟಿ ಗೋಣಿಕೊಪ್ಪ ಬಂದಾಗ ಹತ್ತು ನಿಮಿಷ ನಿಂತಿತು. ಹದಿನೈದು ರೂಪಾಯಿಗೆ ಒಂದು ಕಾಫಿ ಕುಡಿದೆ. ಮೈಸೂರಿನಿಂದ ಸುಮಾರು ನೂರು ಕಿಲೋಮೀಟರು, ಮೂರು ಗಂಟೆಯ ದಾರಿ. ಬಿಟ್ಟಂಗಾಲದಲ್ಲಿ ಇಳಿದಾಗ ರಸ್ತೆಯ ಎರಡೂ ಬದಿ ಹಣ್ಣಾದ ಕಾಫಿ ಗಿಡಗಳು. ಬಿಸಿಲು ಹಿತವಾಗಿತ್ತು, ಜನ ಮಾತ್ರ ಒಬ್ಬರೂ ಇರಲಿಲ್ಲ.

ಸಭೆ ನಡೆಯುವ ರೆಸಾರ್ಟಿನಲ್ಲಿ ಕೋಣೆಯ ಬಾಡಿಗೆ ಕೇಳಿಯೇ ಅಣ್ಣ ಫೋನ್ ಇಟ್ಟಿದ್ದ. ಅಲ್ಲಿಂದ ಮೂರು ಕಿಲೋಮೀಟರು ಒಳಗೆ, ಒಂದು ಎಸ್ಟೇಟಿನ ನಡುವಿನ ಹೋಂಸ್ಟೇಯಲ್ಲಿ ನನಗೆ ಕೋಣೆ ಹಿಡಿದಿದ್ದ. ಆಟೋದವನು ನೂರೈವತ್ತು ತೆಗೆದುಕೊಂಡು ಗೇಟಿನಲ್ಲೇ ಇಳಿಸಿ, ಒಳಗೆ ಬರಲಾರೆ ಎಂದು ತಿರುಗಿಸಿಕೊಂಡು ಹೋದ. ಯಾಕೆ ಬರಲಾರ ಎಂಬುದು ಮನೆಯೊಡೆಯ ಬೆಳ್ಯಪ್ಪನವರಿಂದ ಗೊತ್ತಾಯಿತು. ಅರೆಭಾಷೆಯ ಗೌಡರು, ಅರವತ್ತರ ಹತ್ತಿರದ ವಯಸ್ಸು, ಮಾತಿಗೆ ಮುಂಚೆ ನಗು. ‘ಕತ್ಲೆ ಆದ್ಮೇಲೆ ಅಂಗಳ ಇಳಿಬೇಡಿ ಅಕ್ಕ. ಆನೆ ಉಟ್ಟು. ಮೂರು ದಿನಂದ ಇಲ್ಲೇ ಉಟ್ಟು. ಪಿಕ್ಕಿಂಗ್‌ಗೆ ಲೈನಿಂದ ಕೆಲಸದ ಜನಾನೇ ಬರ್ತಿಲ್ಲೆ’ ಎಂದರು. ಅವರ ಭಾಷೆಯಲ್ಲಿ ಉಟ್ಟು ಎಂದರೆ ಉಂಟು. ಹೆದರಬೇಡಿ ಎನ್ನುವುದಕ್ಕಾಗಿ ಅವರು ಹಿತ್ತಲಿನ ಬಾಳೆಯ ಬುಡದಲ್ಲಿ ಮೂಡಿದ್ದ ಹೆಜ್ಜೆ ತೋರಿಸಿದರು. ನಮ್ಮ ಮನೆಯ ಹಿಟ್ಟಿನ ಜರಡಿಯಷ್ಟು ಅಗಲ. ಒಳಗೆ ಬಂದು ಕೋಣೆಯ ಚಿಲಕವನ್ನು ಎರಡು ಸಲ ಹಾಕಿ ನೋಡಿದೆ.

ಸಂಜೆ ಬೆಳಕಿರುವಾಗಲೇ ಅವರ ಜೀಪಿನಲ್ಲಿ ರೆಸಾರ್ಟಿಗೆ ಹೋಗಿ ಹೆಸರು ಬರೆಸಿಬಂದೆ. ದೆಹಲಿ, ಪುಣೆ, ಜೈಪುರದ ದೊಡ್ಡ ಕ್ಲಬ್ಬುಗಳವರೆಲ್ಲ ಅಲ್ಲೇ ಇಳಿದಿದ್ದರು. ಉಣ್ಣೆ ಕೋಟು, ಹೊಳೆಯುವ ಬೂಟು, ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯುವುದು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ‘ಯಾಕಕ್ಕ ಕಳ್ಳಿ ಥರ ನಿಂತಿದೀರಿ?’ ಎಂದು ಹಿಂದಿನಿಂದ ದನಿ ಬಂತು. ಶಿರಂಗಾಲದ ಶಿವಣ್ಣ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯದ ಮನೆಯವರು. ಶುಂಠಿ ಬೆಳೆದು ಬಿಟ್ಟ ಹೊಲವನ್ನು ಸಮ ಮಾಡಿ ಸವಾರಿ ಶಾಲೆ ನಡೆಸುತ್ತಾರೆ. ಅವರ ಅಂಗಳವೂ ನಲವತ್ತೇ. ತಿದ್ದುಪಡಿ ಪಾಸಾದರೆ ನಮ್ಮಂಥ ಹನ್ನೊಂದು ಕ್ಲಬ್ಬುಗಳು ಒಟ್ಟಿಗೆ ಹೊರಗೆ.

‘ಲೆಕ್ಕ ಹಾಕಿದೀನಿ ಕಣಕ್ಕ’ ಎಂದು ಶಿವಣ್ಣ ದನಿ ತಗ್ಗಿಸಿದರು. ‘ಅವರ ಕಡೆ, ನಮ್ಮ ಕಡೆ ಸಮ ಸಮ ಐತೆ. ನೀವೊಬ್ರು ಕೈ ಎತ್ತದೇ ಹೋದ್ರೆ ನಾವು ಹೋದ್ವಿ. ಗಂಟೆಗೆ ಮುಂಚೆ ಬಂದ್ಬಿಡಿ.’

ಗಂಟೆಯ ವಿಷಯ ಹೇಳಬೇಕು. ಅಂಗಳದಲ್ಲಿ ತೀರ್ಪುಗಾರರು ಗಂಟೆ ಬಾರಿಸಿದ ಮೇಲೆ ಸವಾರರು ಹೊತ್ತಿಗೆ ಸರಿಯಾಗಿ ಒಳಗೆ ಬರಬೇಕು, ಇಲ್ಲದಿದ್ದರೆ ಆಟವಿಲ್ಲ. ಈ ಸಂಘದವರು ಅದನ್ನೇ ಸಭೆಗೂ ತಂದಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಅಧ್ಯಕ್ಷೆ ಹಿತ್ತಾಳೆಯ ಗಂಟೆ ಬಾರಿಸುತ್ತಾರೆ. ಆ ಹೊತ್ತಿಗೆ ಗೇಟಿನ ಒಳಗೆ ಇಲ್ಲದವರು ಆ ವರ್ಷಕ್ಕೆ ಗೈರು. ಮತವಿಲ್ಲ, ಮಾತಿಲ್ಲ. ತಿದ್ದುಪಡಿ ತಂದವನು ತಾನೇ ಎದ್ದು ಓದಬೇಕು. ಅವನೇ ಗೈರಾದರೆ ಅದು ಮುಂದಿನ ವರ್ಷಕ್ಕೆ. ಮೊದಮೊದಲು ತಮಾಷೆಗೆ ಶುರುವಾದದ್ದು ಈಗ ಶಾಸನವಾಗಿದೆ. ಅಧ್ಯಕ್ಷೆಯಂತೂ ಎಪ್ಪತ್ತು ದಾಟಿದ ಹಿರಿಯ ತೀರ್ಪುಗಾರ್ತಿ. ಅವರ ಅಂಗಳದಲ್ಲಿ ನಾನು ಎಷ್ಟೋ ಸಲ ಓದಿದ್ದೇನೆ. ಪ್ರತಿ ಸಲವೂ ಓದುವ ಮೊದಲು ‘ಗಂಟೆ ಕೇಳಿಸಿತೇ?’ ಎಂದು ಅವರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕೇಳಿಸಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎನ್ನಬೇಕು. ಗಾಳಿ ಹೆಚ್ಚಿದ್ದ ದಿನ ಇಲ್ಲ ಎಂದದ್ದೂ ಉಂಟು, ಅವರು ಮತ್ತೆ ಬಾರಿಸಿದ್ದೂ ಉಂಟು.

ಹೋಂಸ್ಟೇಗೆ ಮರಳಿದಾಗ ಊಟದ ಮೇಜಿನಲ್ಲಿ ಇನ್ನೊಬ್ಬರು ಕುಳಿತಿದ್ದರು. ನೋಡಿದ ಕೂಡಲೇ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಕರ್ನಲ್ ದೇಸಾಯಿ, ಸಂಘದ ನಿಯಮ ಸಮಿತಿಯ ಮುಖ್ಯಸ್ಥರು. ತಿದ್ದುಪಡಿ ತಂದವರೇ ಅವರು. ರೆಸಾರ್ಟಿನ ತಮ್ಮ ಕೋಣೆಯನ್ನು ದೆಹಲಿಯ ಅತಿಥಿಯೊಬ್ಬರಿಗೆ ಬಿಟ್ಟುಕೊಟ್ಟು ಇಲ್ಲಿಗೆ ಬಂದಿದ್ದರು. ಬೆಳಗಾವಿಯ ಕಡೆಯವರು. ‘ಏನ್ರಿ ಬಾಯಾರ, ರಿಸಾಲ್ದಾರ ಸಾಹೇಬ್ರ ತಂಗಿ ಅಲ್ಲೇನ್ರಿ ನೀವು?’ ಎಂದು ಎದ್ದು ನಿಂತೇ ಮಾತಾಡಿಸಿದರು. ಮರ್ಯಾದಸ್ಥರು, ಅದೇ ನನಗೆ ಇನ್ನಷ್ಟು ಭಯ. ಬೆಳ್ಯಪ್ಪನವರ ಹೆಂಡತಿ ದೇವಕಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಕಾಳು ಸಾರು, ಅವರಿಗೆ ಹಂದಿ ಮಾಂಸ, ನನಗೆ ಗೆಣಸಿನ ಪಲ್ಯ ಬಡಿಸಿದರು. ಕರ್ನಲ್ ಹೊಟ್ಟೆತುಂಬ ಉಂಡರು. ನಾನು ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತಿದ್ದೆ. ದೂರದಲ್ಲಿ ಯಾರೋ ಪಟಾಕಿ ಸಿಡಿಸಿದರು, ಆನೆಯನ್ನು ಓಡಿಸುವುದಕ್ಕೆ. ಯಾವ ಕಡೆಗೆ ಓಡಿಸಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಎಂಟಕ್ಕೆ ಹೊರಡುವುದು ಎಂದು ಮಾತಾಗಿತ್ತು, ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ ಕೆಳಗಿನ ದಾರಿಯಲ್ಲಿ ಎರಡು ಆನೆ ಇವೆ ಎಂದ. ಎಂಟೂಕಾಲಾಯಿತು, ಎಂಟೂವರೆಯಾಯಿತು. ಕರ್ನಲ್ ಜಗಲಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು. ‘ಏ ಬೆಳ್ಯಪ್ಪ, ಮೂರು ಕಿಲೋಮೀಟರಿಗೆ ಎಷ್ಟು ಹೊತ್ತು ಕಾಯೂದು?’ ಎಂದರು. ಮತ್ತೆ ಫೋನ್ ಬಂತು, ದಾರಿ ಬಿಟ್ಟಿವೆ ಎಂದು. ಬೆಳ್ಯಪ್ಪ ಜೀಪು ಹೊರಡಿಸಿದರು. ಕರ್ನಲ್ ಮುಂದೆ, ನಾನು ಹಿಂದೆ, ಚೀಲವನ್ನು ಎದೆಗೆ ಅವಚಿಕೊಂಡು.

ಒಂದು ಕಿಲೋಮೀಟರೂ ಆಗಿರಲಿಲ್ಲ. ತಿರುವಿನಲ್ಲಿ ಬೆಳ್ಯಪ್ಪ ಬ್ರೇಕ್ ಹಾಕಿ, ಎಂಜಿನ್ನೂ ನಿಲ್ಲಿಸಿಬಿಟ್ಟರು. ಮಂಜಿನಲ್ಲಿ ದಾರಿಗೆ ಅಡ್ಡವಾಗಿ ಬಂಡೆಯೊಂದು ಇತ್ತು. ಬಂಡೆ ಕಿವಿ ಬೀಸಿತು. ಇಪ್ಪತ್ತು ಹೆಜ್ಜೆಯೂ ದೂರವಿರಲಿಲ್ಲ. ‘ಸುಮ್ಮಂಗೆ ಕೂದ್ಕಳಿ. ಉಸಿರೆತ್ಬೇಡಿ. ಹಿಂದೆ ಇನ್ನೊಂದು ಉಟ್ಟು’ ಎಂದು ಬೆಳ್ಯಪ್ಪ ಪಿಸುಗುಟ್ಟಿದರು. ಹಿಂದೆ ಎಂದರೆ ನನ್ನ ಬೆನ್ನ ಹಿಂದೆ. ತಿರುಗಿ ನೋಡಲಿಲ್ಲ. ಕೊಂಬೆ ಮುರಿಯುವ ಸದ್ದು, ಹೊಟ್ಟೆಯೊಳಗೆ ಗುಡುಗಿದಂಥ ಒಂದು ದನಿ, ಹಸಿ ಸಗಣಿಯ ವಾಸನೆ. ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಆ ಸದ್ದು ಆನೆಗೆ ಕೇಳಿಸೀತು ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮನೆದೇವರ ಹೆಸರೂ ನೆನಪಿಗೆ ಬರಲಿಲ್ಲ.

ಆಗ ಮುಂದಿನ ಸೀಟಿನಿಂದ ಒಂದು ಕೈ ಹಿಂದಕ್ಕೆ ಬಂದು ನನ್ನ ಮಣಿಕಟ್ಟು ಹಿಡಿಯಿತು. ಕರ್ನಲ್ ಕೈ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ನನ್ನ ಕೈಗಿಂತ ಜೋರಾಗಿ ನಡುಗುತ್ತಿತ್ತು. ನನಗೆ ಧೈರ್ಯ ಬರಬೇಕಿತ್ತು, ಬರಲಿಲ್ಲ. ಇವರೂ ಹೆದರಿದ್ದಾರೆ ಎಂದರೆ ಇನ್ನು ನಮ್ಮ ಕಥೆ ಮುಗಿಯಿತು ಎಂದೇ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ಮುಂದಿನ ಆನೆ ದಾರಿಯ ಬದಿಯ ಬೇಲಿಯನ್ನು ಕಾಲಿನಿಂದ ಒತ್ತಿ ಮಲಗಿಸಿ ಕಾಫಿ ತೋಟದ ಒಳಗೆ ಇಳಿಯಿತು. ಹಿಂದಿನದು ನಮ್ಮ ಜೀಪಿನ ಪಕ್ಕದಲ್ಲೇ ಹಾದು ಅದರ ಹಿಂದೆ ಹೋಯಿತು. ಅದರ ಮೈ ತಗುಲಿ ಜೀಪಿನ ಟಾರ್ಪಾಲು ಸರ್ರೆಂದಿತು. ಬೆಳ್ಯಪ್ಪ ಎರಡೂ ಕೈ ಮುಗಿದು ಆಮೇಲೆ ಕೀಲಿ ತಿರುಗಿಸಿದರು.

ಕರ್ನಲ್ ಕೈ ತೆಗೆದು ಗಡಿಯಾರ ನೋಡಿದರು. ಒಂಬತ್ತು ದಾಟಿ ಏಳು ನಿಮಿಷ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಅವರ ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಬುದ್ಧಿ ಆಗಲೇ ಓಡಲು ಶುರುವಾಗಿತ್ತು.

‘ನೋಡ್ರಿ ಬಾಯಾರ. ನಾನೂ ಗೈರಾದೆ, ನೀವೂ ಗೈರಾದ್ರಿ. ನೀವು ಹೋದ ವರ್ಷಾನೂ ಬಂದಿಲ್ಲ. ನಿಮ್ಮ ಕ್ಲಬ್ಬು ಇವತ್ತಿಗೇ ಮುಗೀತು. ಖರೆ ಅಲ್ಲೇನ್ರಿ?’

ನಾನು ತಲೆಯಾಡಿಸಿದೆ.

‘ಗಂಟಿ ಹೊಡದಾಗ ನಾವು ಗೇಟಿನ ಒಳಗ ಇದ್ವಿ ಅಂತ ಹೇಳೂಣು. ಒಳಗ ಜೀಪು ನಿಲ್ಲಸಲಿಕ್ಕೆ ತಡ ಆತು. ಇಬ್ಬರೂ ಒಂದ ಮಾತು ಹೇಳಿದ್ರ ಯಾರೂ ಕೇಳೂದಿಲ್ಲ. ನಿಮ್ಮ ಕ್ಲಬ್ಬಿಗೆ ಅಂಗಳ ದೊಡ್ಡದು ಮಾಡಾಕ ಎರಡು ವರ್ಷ ಟೈಮ್ ಕೊಡ್ತೀನಿ, ತಿದ್ದುಪಡಿ ಒಳಗನ ಬರಸ್ತೀನಿ, ನೀವು ನನ್ನ ಕಡೆ ಕೈ ಎತ್ರಿ. ನಿಮ್ಮ ಹುಡುಗಿ ಆರಾಮ ಆಡಲಿ. ಛಲೋ ಸವಾರಿ ಮಾಡ್ತಾಳ್ರಿ ಅಕಿ.’

ಶಿವಣ್ಣ ನೆನಪಾದರು, ಉಳಿದ ಸಣ್ಣ ಕ್ಲಬ್ಬುಗಳೂ ನೆನಪಾದವು. ಭವಾನಿ ಎಲ್ಲಕ್ಕಿಂತ ಜೋರಾಗಿ ನೆನಪಾದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ದಾರಿ ಯಾವುದೂ ಕಾಣಲಿಲ್ಲ. ‘ಆಗಲಿ ಸರ್’ ಎಂದೆ. ಬೆಳ್ಯಪ್ಪ ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿ ಮತ್ತೆ ದಾರಿ ನೋಡಿದರು.

ರೆಸಾರ್ಟಿನ ಗೇಟಿನಲ್ಲಿ ಕಾವಲುಗಾರನೂ ಇರಲಿಲ್ಲ. ಆನೆಯ ಸುದ್ದಿ ಕೇಳಿ ಅವನೂ ಎಲ್ಲಿಗೋ ಹೋಗಿದ್ದ. ಸಭಾಂಗಣದ ಬಾಗಿಲು ಕರ್ನಲ್ ತಾವೇ ತೆರೆದರು. ಹಾಜರಿ ಇನ್ನೂ ನಡೆಯುತ್ತಿತ್ತು. ಅರ್ಧ ಸಭೆ ತಿರುಗಿ ನಮ್ಮನ್ನು ನೋಡಿತು. ನನ್ನ ಸೀರೆಯ ಅಂಚಿನಲ್ಲಿ ಕೆಸರಿತ್ತು, ಸೆರಗಿನ ತುದಿ ಬಾಯಿಯ ಎಂಜಲಿನಿಂದ ಒದ್ದೆಯಾಗಿತ್ತು. ಎರಡನೆಯ ಸಾಲಿನಲ್ಲಿ ಶಿವಣ್ಣ ನನ್ನನ್ನು ಕಂಡು ದೊಡ್ಡ ಉಸಿರು ಬಿಟ್ಟದ್ದು ಕಾಣಿಸಿತು. ಕರ್ನಲ್ ನೆಟ್ಟಗೆ ನಿಂತು, ಗಂಟೆಯ ಹೊತ್ತಿಗೆ ತಾವಿಬ್ಬರೂ ಗೇಟಿನ ಒಳಗಿದ್ದುದಾಗಿ, ವಾಹನ ನಿಲ್ಲಿಸುವುದರಲ್ಲಿ ತಡವಾಯಿತೆಂದು ಇಂಗ್ಲಿಷಿನಲ್ಲಿ ಹೇಳಿದರು. ಈಗ ಆ ದನಿಯಲ್ಲಿ ಒಂದು ಚೂರೂ ನಡುಕವಿರಲಿಲ್ಲ. ‘ಇವರೂ ನನ್ನ ಜೊತೆಗೇ ಇದ್ದರು’ ಎಂದು ನನ್ನ ಕಡೆ ಕೈ ತೋರಿಸಿದರು.

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಗಂಟೆಯ ಮೇಲೆ ಅವರ ಕೈ ಇತ್ತು. ಅಂಗಳದಲ್ಲಿ ಕೇಳುವ ಹಾಗೆಯೇ, ಅದೇ ಒಣ ದನಿಯಲ್ಲಿ ಕೇಳಿದರು: ‘ಗಂಟೆ ಕೇಳಿಸಿತೇ?’

‘ಇಲ್ಲ ಮೇಡಂ’ ಎಂದೆ.

ಬೇಲಿಯಾಚೆ ನಿಂತು ಓದುವ ನನ್ನ ದೊಡ್ಡ ದನಿಯಲ್ಲೇ ಬಂತು ಅದು, ಸಭೆಯ ಕೊನೆಯವರೆಗೂ ಕೇಳಿಸುವ ಹಾಗೆ. ಇದನ್ನು ಧೈರ್ಯ ಎಂದು ಆಮೇಲೆ ಇಬ್ಬರು ಮೂವರು ಹೊಗಳಿದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಹೆದರಿ ಹೆದರಿ ನನ್ನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಆ ಪ್ರಶ್ನೆಗೆ ಇಷ್ಟು ವರ್ಷ ಯಾವ ಉತ್ತರ ಕೊಟ್ಟು ರೂಢಿಯೋ ಅದೇ ಹೊರಗೆ ಬಿತ್ತು. ಏನು ಹೇಳಿದೆ ಎಂಬುದು ನನಗೆ ತಿಳಿದದ್ದು ಕರ್ನಲ್ ಮುಖ ನೋಡಿದ ಮೇಲೆ.

‘ಹಾಗಾದರೆ ಇಬ್ಬರೂ ಗೈರು’ ಎಂದರು ಅಧ್ಯಕ್ಷೆ. ತಿದ್ದುಪಡಿ ಮುಂದಿನ ವರ್ಷಕ್ಕೆ ಹೋಯಿತು. ನಮ್ಮ ಕ್ಲಬ್ಬಿನ ಹೆಸರಿನ ಮೇಲೆ ಗೀಟು ಬಿತ್ತು.

ದಾರಿಯ ಆನೆಗಳ ಸುದ್ದಿ ಸಭೆಗೂ ಆಗಲೇ ಮುಟ್ಟಿತ್ತು. ಶಿವಣ್ಣ ಎದ್ದರು. ನಡುಗುವ ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲೇ, ‘ಮೇಡಂ, ದಾರೀಲಿ ಆನೆ ಇದ್ರೆ ಮನುಷ್ಯರು ಏನ್ ಮಾಡೋದು? ಇವರದ್ದೊಂದು ಕ್ಲಬ್ಬು ಮನ್ನಿಸಿಬಿಡಿ’ ಎಂದರು. ಯಾರೋ ಅದನ್ನು ಅಧ್ಯಕ್ಷೆಗೆ ಅನುವಾದಿಸಿದರು. ಅವರು ಸಾವಕಾಶವಾಗಿ ಹೇಳಿದರು, ಆನೆ ಇಬ್ಬರಿಗೂ ಒಂದೇ ಅಡ್ಡ ಬಂದದ್ದು. ಇವರನ್ನು ಮನ್ನಿಸಿದರೆ ಕರ್ನಲ್ ಅವರನ್ನೂ ಮನ್ನಿಸಬೇಕು, ಆಗ ತಿದ್ದುಪಡಿ ಈಗಲೇ ಸಭೆಯ ಮುಂದೆ ಬರುತ್ತದೆ. ನಿಮಗೆ ಒಪ್ಪಿಗೆಯೇ?

ಶಿವಣ್ಣ ನಿಂತೇ ಇದ್ದರು. ಅಕ್ಕಪಕ್ಕದ ಸಣ್ಣ ಕ್ಲಬ್ಬಿನವರ ಮುಖ ನೋಡಿದರು. ಒಬ್ಬರೂ ಅವರ ಕಡೆ ನೋಡುತ್ತಿರಲಿಲ್ಲ. ಒಬ್ಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಕೊನೆಗೆ ನನ್ನ ಕಡೆ ಒಂದು ಸಲ ನೋಡಿ ಶಿವಣ್ಣ ಕುಳಿತರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು. ಆದರೆ ಅರ್ಧ ಗಂಟೆಯ ಹಿಂದೆ ಜೀಪಿನಲ್ಲಿ ಆಗಲಿ ಸರ್ ಎಂದವಳು ನಾನೇ, ಯಾರ ಮೇಲೆ ಸಿಟ್ಟು ಮಾಡುವುದು?

ಹೊರಗಿನ ಹುಲ್ಲಿನ ಮೇಲೆ ಬೆತ್ತದ ಕುರ್ಚಿಯಲ್ಲಿ ಕರ್ನಲ್ ಕುಳಿತಿದ್ದರು. ಹಾದುಹೋಗಲು ಹೆದರಿ ಸುತ್ತು ಹಾಕಿ ಹೊರಟಿದ್ದೆ, ಅವರೇ ಕರೆದರು. ಈಗ ಬೈಗುಳ ಎಂದುಕೊಂಡು ನಿಂತೆ. ‘ಆನಿ ಮುಂದ ನಾ ನಿಮ್ಮ ಕೈ ಹಿಡದದ್ದು ಯಾರ ಮುಂದೂ ಹೇಳಬ್ಯಾಡ್ರಿ’ ಎಂದರು. ಇಲ್ಲ ಸರ್ ಎಂದೆ. ಇಲ್ಲಿ ಬರೆಯುತ್ತಿರುವುದಕ್ಕೆ ಅವರು ಕ್ಷಮಿಸಬೇಕು; ಅವರ ಹೆಸರು ಬದಲಿಸಿದ್ದೇನೆ.

ಊಟಕ್ಕೆ ನಿಲ್ಲಲಿಲ್ಲ. ಬೆಳ್ಯಪ್ಪ ನನ್ನ ಚೀಲ ತಂದುಕೊಟ್ಟು ವಿರಾಜಪೇಟೆಯವರೆಗೂ ಬಿಟ್ಟರು, ಡೀಸೆಲ್ಲಿನ ದುಡ್ಡು ಮುಟ್ಟಲಿಲ್ಲ. ‘ಆನೆ ಹೋದ ಮೇಲೆ ಕಾಲು ನಡುಗುದು ಅಕ್ಕ. ಎಲ್ಲೋರಿಗೂ ಹಾಂಗೇ’ ಎಂದು ಹೇಳಿ, ದೇವಕಿ ಕಟ್ಟಿಕೊಟ್ಟಿದ್ದ ಕರಿಮೆಣಸಿನ ಪೊಟ್ಟಣ ಕೈಗಿಟ್ಟರು. ಬಸ್ ನಿಲ್ದಾಣದಲ್ಲಿ ಕೇರಳದ ಬಸ್ಸುಗಳ ಕೂಗಾಟ. ಮಧ್ಯಾಹ್ನ ಎರಡರ ಮೈಸೂರು ಬಸ್ಸು ಸಿಕ್ಕಿತು.

ದಾರಿಯಲ್ಲಿ ನನ್ನನ್ನು ಹಿಡಿದಿದ್ದು ಒಂದೇ ಭಯ, ಭವಾನಿಗೆ ಹೇಳುವುದು ಹೇಗೆ. ಫೋನ್ ಕೈಯಲ್ಲಿ ಹಿಡಿದೇ ಇದ್ದೆ. ಗೋಣಿಕೊಪ್ಪದಲ್ಲಿ ಹೇಳೋಣ ಎಂದುಕೊಂಡೆ, ತಿತಿಮತಿ ಬಂತು. ಕಾಡಿನಲ್ಲಿ ಸಿಗ್ನಲ್ ಹೋಯಿತು, ಬೀಸೋ ದೊಣ್ಣೆ ತಪ್ಪಿತು ಅನ್ನಿಸಿತು. ಹೋಗುವಾಗ ಹೆದರಿಸಿದ್ದ ಕಾಡು ಇನ್ನೂ ಸ್ವಲ್ಪ ಉದ್ದ ಇದ್ದಿದ್ದರೆ ಎಂದು ಬಯಸಿದೆ. ಆ ಹುಡುಗಿ ಅಳುತ್ತಾಳೆ. ಬಾಯಿಬಿಟ್ಟು ಅಳುವವಳಲ್ಲ, ಗುಂಡನ ಕುತ್ತಿಗೆಗೆ ಮುಖ ಒತ್ತಿಕೊಂಡು ಅಳುತ್ತಾಳೆ. ಅದನ್ನು ನಾನು ಬೇಲಿಯಾಚೆ ನಿಂತು ನೋಡಬೇಕಾಗುತ್ತದೆ. ಹುಣಸೂರಿನಲ್ಲಿ ಸಿಗ್ನಲ್ ಬಂದ ಕೂಡಲೇ ಅವಳದೇ ಮೆಸೇಜು ಬಂತು: ‘ಬಸ್ ಸ್ಟ್ಯಾಂಡಿಗೆ ಬರ್ತೀನಿ ಆಂಟಿ.’ ಮುಂದೆ ಏನೂ ಇರಲಿಲ್ಲ. ಮೈಸೂರು ಬರುವವರೆಗೆ ಅದನ್ನೇ ಓದಿದೆ.

ಸಂಜೆ ಐದೂವರೆಗೆ ಇಳಿದೆ. ಅವಳು ಸವಾರಿಯ ಬೂಟಿನಲ್ಲೇ ಬಂದಿದ್ದಳು. ನಾನು ‘ಭವಾನಿ, ನೋಡು’ ಎಂದು ಶುರುಮಾಡುವ ಮೊದಲೇ ಅವಳು, ‘ಗೊತ್ತಾಯ್ತು ಆಂಟಿ. ಶಿವಣ್ಣ ಅಂಕಲ್ ಮಧ್ಯಾಹ್ನಾನೇ ಫೋನ್ ಮಾಡಿದ್ರು. ಶಿರಂಗಾಲದ ಹೆಸರಲ್ಲಿ ಆಡು ಅಂದ್ರು. ಸರಿ ಅಂದೆ’ ಎಂದಳು.

‘ಅಣ್ಣ?’

‘ಸರ್ ಹೂಂ ಅಂದ್ರು. ಗುಂಡನ್ನೂ ಕರ್ಕೊಂಡು ಹೋಗು ಅಂದ್ರು. ಸೋಮವಾರ ಲಾರಿ ಬರುತ್ತೆ.’

ನಾನು ಅವಳ ಮುಖವನ್ನೇ ನೋಡಿದೆ. ಕಣ್ಣು ಕೆಂಪಾಗಿರಲಿಲ್ಲ. ಮಧ್ಯಾಹ್ನ ಊಟ ಮಾಡಿದ್ದಳು, ತಲೆ ಬಾಚಿಕೊಂಡಿದ್ದಳು, ಮುಂದಿನ ತಿಂಗಳ ಸ್ಪರ್ಧೆಯ ಲೆಕ್ಕ ಆಗಲೇ ಕಣ್ಣಿನಲ್ಲಿ ಇತ್ತು. ಅದೇ ಆಗಬೇಕಾದದ್ದು. ಅದಕ್ಕೇ ಅಲ್ಲವೇ ನಾನು ಹೋದದ್ದು.

‘ಓದೋದು?’ ಎಂದೆ.

‘ಸವಾರರ ಕ್ಲಬ್ಬಿನವರೇ ಓದಬೇಕಲ್ಲ ಆಂಟಿ. ಅವರ ಮಗಳು ಓದ್ತಾಳಂತೆ.’ ನನ್ನ ಚೀಲ ತೆಗೆದುಕೊಂಡು ಸ್ಕೂಟರಿನ ಕಡೆ ನಡೆಯುತ್ತ ಅವಳು ಮೆಲ್ಲಗೆ, ನನಗೆ ಸಮಾಧಾನವಾಗಲಿ ಎಂದೇ, ಇನ್ನೊಂದು ಮಾತು ಸೇರಿಸಿದಳು. ‘ಇನ್ಮೇಲೆ ನೀವು ಹೆದರ್ಕೊಂಡು ಎಲ್ಲೂ ಬರೋದು ಬೇಡ.’

ಒಳ್ಳೆಯದಾಯಿತು ಎಂದೆ. ಸ್ಕೂಟರಿನ ಹಿಂದೆ ಕುಳಿತು ಅವಳ ಭುಜ ಹಿಡಿದುಕೊಂಡೆ. ಮನೆ ಬರುವವರೆಗೆ ಬಿಡಲಿಲ್ಲ.